ಆವಕ ವಹಿ

ಒಂದೇ ಒಂದು ಅಕ್ಷರ ತಪ್ಪಿದ್ದೆ.
‘ಬೋಧನಾ ಉತ್ಕೃಷ್ಟತೆ’ ಇರಬೇಕಾದಲ್ಲಿ
‘ಬಾಧನಾ ಉತ್ಕೃಷ್ಟತೆ’ ಎಂದು
ದಪ್ಪ ಹಾಳೆಯ ಮೇಲೆ, ಬಂಗಾರದ ಅಂಚಿನೊಳಗೆ.
ಇಪ್ಪತ್ತೆರಡು ವರ್ಷದ ಟೈಪಿನ ಕೈ, ಹೀಗೆ ಎಂದೂ ಆಗಿರಲಿಲ್ಲ.
ಬೆವರು ಒರೆಸಿಕೊಂಡು ತೋರಿಸಿದರೆ ತಸ್ನೀಮ್ ಮೇಡಂ ನಕ್ಕರು:
“ಇರಲಿ ಬಿಡ್ರಿ ರೇವಪ್ಪ,
ನನ್ನ ಹುಡುಗೇರನ್ನ ಕೇಳಿದ್ರ ಇದೇ ಖರೇ ಅಂತಾರ.
ಮೇ ತಿಂಗಳ ಬಿಸಿಲಾಗ ಬಾವಿ ಬಾವಿ ತಿರುಗಿಸೀನಲ್ಲ.”

ಅರ್ಜಿ ತುಂಬಿದವನೂ ನಾನೇ.
ಸಮುದಾಯದೊಂದಿಗೆ ಒಡನಾಟ: ಹೌದು ಅಥವಾ ಇಲ್ಲ.
ಫಲಾನುಭವಿಗಳ ಸಂಖ್ಯೆ: ಮೂರು ಚೌಕ, ಮೂರೇ ಅಂಕಿಗೆ ಜಾಗ.
ಮೇಡಂ ಕಿಟಕಿಯಾಚೆ ಬೇವಿನ ಗಿಡ ನೋಡುತ್ತಾ
“ಹನ್ನೊಂದು ಬರೀರಿ” ಅಂದರು.
“ಮಂದಿ ಏನ್ರಿ?”
“ಬಾವಿ.”
ಮುಂದೊಂದು ಸೊನ್ನೆ ಇಟ್ಟು ಚೌಕದ ಹೊಟ್ಟೆ ತುಂಬಿಸಿದೆ.

ಜೀಪಿನ ಡೀಸೆಲ್ ಲೆಕ್ಕಕ್ಕೆಂದು ಒಮ್ಮೆ ನಾನೂ ಹೋಗಿದ್ದೆ,
ಚಿತ್ತಾಪುರ ದಾಟಿ, ಫರ್ಸಿ ಖಣಿಗಳ ಅಂಚಿಗೆ, ಮೋತ್ಯಾ ತಾಂಡಾಕ್ಕೆ.
ಎಂ.ಎಸ್ಸಿ. ಹುಡುಗಿಯರು ದುಪಟ್ಟಾ ತಲೆಗೆ ಸುತ್ತಿ
ಹಗ್ಗ ಬಿಟ್ಟು ನೀರು ಸೇದಿ
ಶೀಶೆಗೆ ಹನಿ ಬಿಡುತ್ತಿದ್ದರು.
ಕೆಂಪು ಹೋಗಿ ಹಳದಿ ತಿರುಗಿದರೆ ಆ ಬಾವಿ ಬ್ಯಾಡ.
ಶೀಶೆಗಿಂತ ಮೊದಲೇ ಘಮಲಿಬಾಯಿ
ಬೊಗಸೆ ನೀರು ಬಾಯಿಗಿಟ್ಟು ಹೇಳುತ್ತಿದ್ದಳು:
“ಇದರಾಗ ತೊಗರಿ ಬ್ಯಾಳಿ ಬೇಯಂಗಿಲ್ಲ.”
“ಇದು ಛಲೋ, ಬ್ಯಾಳಿ ಬೆಣ್ಣಿ ಆಗ್ತದ.”
ಹುಡುಗಿಯರು ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು,
ಮೇಡಂ ಬರೆಯಿರಿ ಅಂದಿದ್ದಕ್ಕೆ.

ಬ್ಯಾಳಿ ಬೆಣ್ಣೆಯಾದ ಬಾವಿಯಲ್ಲೇ
ಶೀಶೆ ಹಳದಿಯಾಯಿತು.

ಮುದುಕಿ ಮಾತಾಡಲಿಲ್ಲ.
ಮೊಮ್ಮಗನನ್ನು ಹತ್ತಿರ ಎಳೆದುಕೊಂಡು
ತುಟಿ ಮೇಲೆತ್ತಿ ಹಲ್ಲು ನೋಡಿದಳು,
ಎತ್ತು ಕೊಳ್ಳುವವರು ನೋಡುವ ಹಾಗೆ.
ಕಂದು ಗೆರೆ. ಮೊನ್ನೆ ಮೊನ್ನೆಯವಲ್ಲ.
ಆ ಬಾವಿಯ ಕಟ್ಟೆಗೆ ಕೆಂಪು ಬಣ್ಣ ಬಳಿದೆವು.
ಬ್ರಷ್ ಹಿಡಿದವನು ನಾನು.

ಪ್ರಶಸ್ತಿಯ ದಿನ ಆಕೆಗೂ ಕುರ್ಚಿ ಹಾಕಿಸಿದ್ದರು.
ಕನ್ನಡಿ ಲಂಗ ಉಡದೆ ಮಗಳ ನೈಲೆಕ್ಸ್ ಸೀರೆ ಉಟ್ಟು ಬಂದಿದ್ದಳು,
ಫೋಟೋದವನಿಗೆ ತುಸು ಬೇಸರ.
ಸೆರಗಿನೊಳಗಿಂದ ಒಂದು ಬಾಟಲಿ ತೆಗೆದು
ಮೇಜಿನ ತುದಿಗೆ ಇಟ್ಟಳು.
ನೀರು ಅಂದರೆ ನೀರು ಎಂದುಕೊಂಡ ಜವಾನ
ಸರಿಸಿಟ್ಟ ಅದನ್ನು ಅತಿಥಿಗಳ ಮುಂದೆ.
ನಲವತ್ತಮೂರು ಡಿಗ್ರಿ. ಸಾಹೇಬರು ಮುಚ್ಚಳ ತಿರುವಿದರು.
ಈಗಷ್ಟೇ ಹೊದಿಸಿದ ಶಾಲು ನೆಲಕ್ಕೆ ಬಿತ್ತು,
ಮೇಡಂ ಅಷ್ಟು ಜೋರು ಜಿಗಿದಿದ್ದನ್ನು ನಾನು ಕಂಡಿಲ್ಲ.
ಸಭೆ ನಕ್ಕಿತು. ಬೇರೆ ಬಾಟಲಿ ಬಂತು, ಸೀಲ್ ಇದ್ದದ್ದು.
ಆಮೇಲೆ ನಾನು ತಿದ್ದಿ ಬರೆದ ಬಿನ್ನವತ್ತಳೆ ಓದಿದರು,
ಬೋಧನೆ ಬೋಧನೆಯಾಗಿಯೇ ಕೇಳಿತು.

ಊಟದ ಸಾಲಿನಲ್ಲಿ ಘಮಲಿಬಾಯಿ ನನ್ನ ಗುರುತು ಹಿಡಿದಳು:
“ಬಣ್ಣ ಬಳದವ ನೀನೇ ಅಲ್ಲೇನು?
ಮೂರು ವರ್ಷ ಆತು. ಅದು ಬ್ಯಾಡ ಅಂತ ಕಲಿಸಿದ್ರಿ, ಕಲ್ತೀವಿ.
ಮತ್ತ ಯಾವುದು?”
ಮೇಡಂ ಪಕ್ಕದಲ್ಲೇ ಇದ್ದರು.
ಕೈಯಲ್ಲಿನ ತಾಟು ಹಾಗೇ ಇಳಿಸಿದರು.
“ರೇವಪ್ಪ, ಇದನ್ನ ಆವಕಕ್ಕ ತಗೋರಿ” ಅಂದರು.

ಕಾಗದ ಇಲ್ಲದೆ ಆವಕ ಹ್ಯಾಂಗ ಮಾಡಲಿ?
ಆದರೂ ಬರೆದೆ:
ಆವಕ ಸಂಖ್ಯೆ ೨೧೧೪. ಬಾಟಲಿ ನೀರು, ಒಂದು.
ಕಳಿಸಿದವರು: ಘಮಲಿಬಾಯಿ, ಮೋತ್ಯಾ ತಾಂಡಾ.
ವಿಷಯ: ಮತ್ತೆ ಯಾವುದು.

ಜಾವಕದ ಕಾಲಂ ಇನ್ನೂ ಖಾಲಿ ಅದ.
ಮೇಡಂ ಸೋಮವಾರಕ್ಕೊಮ್ಮೆ ಬಂದು ವಹಿ ತಿರುವುತ್ತಾರೆ.
ಬಾಟಲಿ ನನ್ನ ರ‍್ಯಾಕಿನ ಮೇಲೆ, ಪಂಖಾದ ಗಾಳಿಗೆ.
ಒಳಗಿನ ನೀರು ಎಷ್ಟು ತಿಳಿ ಎಂದರೆ
ಹಿಂದಿನ ಗೋಡೆಯ ಪ್ರಶಸ್ತಿ ಅದರೊಳಗೆ
ತಲೆಕೆಳಗಾಗಿ, ಪೂರ್ತಿ ಕಾಣಿಸುತ್ತದೆ.